ಬೆಳ್ಳಿ ಲೇಪದ ಚಮಚಗಳ ಕಪ್ಪು ಕೊಳೆಯಲ್ಲ

ಮಾನ್ಯ ಸಂಪಾದಕರೇ,

ಹಬ್ಬಗಳು ಹತ್ತಿರವಾದಾಗಲೆಲ್ಲ ಪತ್ರಿಕೆಗಳ ಮನೆವಾರ್ತೆಯ ಅಂಕಣಗಳಲ್ಲಿ ಬೆಳ್ಳಿ ಸಾಮಾನು ಹೊಳೆಯಿಸುವ ಉಪಾಯಗಳು ಪ್ರಕಟವಾಗುತ್ತವೆ. ಪಾತ್ರೆಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು ಮತ್ತು ಅಡುಗೆ ಸೋಡಾ ಹಾಕಿ ಎಲ್ಲವನ್ನೂ ಮುಳುಗಿಸಿಡಿ ಎಂಬ ಸಲಹೆ ನಯವಾದ ಲೋಟ, ತಟ್ಟೆಗಳಿಗೆ ಹೊಂದಬಹುದಾದರೂ, ಹಿಡಿಯಲ್ಲಿ ಹೂಬಳ್ಳಿಯ ಉಬ್ಬು ಕೆತ್ತನೆಯಿರುವ ಹಳೆಯ ಬೆಳ್ಳಿ ಲೇಪದ ಚಮಚ, ಫೋರ್ಕ್‌ಗಳ ಅಂದವನ್ನು ಅದು ಕೆಡಿಸುತ್ತದೆ. ಬೆಳ್ಳಿಗೆ ಗಂಧಕ ತಾಗಿ ಉಂಟಾಗುವ ಸಿಲ್ವರ್ ಸಲ್ಫೈಡ್ ಈ ವಿಧಾನದಿಂದ ಮತ್ತೆ ಬೆಳ್ಳಿಯಾಗುವುದು ನಿಜ. ಆದರೆ ಕೆತ್ತನೆಯ ತಗ್ಗುಗಳಲ್ಲಿ ತಯಾರಕರೇ ಹಲವು ಬಾರಿ ಉದ್ದೇಶಪೂರ್ವಕವಾಗಿ ತುಂಬಿದ, ಮುಂದೆ ದಶಕಗಳ ಬಳಕೆಯಿಂದ ಆಳವಾದ ಕಪ್ಪು ಛಾಯೆಯೂ ಅದರೊಡನೆ ಹೋಗಿ, ಕೆತ್ತನೆ ಪೇಲವವಾಗಿ ಉಳಿಯುತ್ತದೆ.

ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕುಟುಂಬದವರು 1840ರಲ್ಲಿ ಪೇಟೆಂಟ್ ಪಡೆದರು. ಬೆಂಗಳೂರಿನ ದಂಡುಪ್ರದೇಶದ ಹಳೆಯ ಮನೆಗಳಲ್ಲಿ, ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಬಂಗಲೆಗಳಲ್ಲಿ ಇಂದಿಗೂ ಕಾಣಸಿಗುವ, ‘ಇಪಿಎನ್‌ಎಸ್’ (ನಿಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ್ದು ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಮುದ್ರೆಯೊತ್ತಿದ ಚಮಚಗಳು ಈ ಬಗೆಯವು. ಒಳಗಿರುವುದು ತಾಮ್ರ, ಸತು, ನಿಕಲ್ ಬೆರೆತ ಜರ್ಮನ್ ಸಿಲ್ವರ್. ಮೇಲಿನ ಬೆಳ್ಳಿ ಅತಿ ತೆಳುವಾದ ಪದರ ಮಾತ್ರ. ವಿಭೂತಿಯಿಂದಲೋ ಟೂತ್‌ಪೇಸ್ಟಿನಿಂದಲೋ ತಿಕ್ಕಿದಷ್ಟೂ ಅದು ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ.

ಹೋದ ಕಪ್ಪನ್ನು ಮಾತ್ರ ಮನೆಯಲ್ಲೇ ಮರಳಿ ತರಬಹುದು. ಮೊದಲು ಚಮಚಗಳನ್ನು ಸೌಮ್ಯ ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಬೇಕು, ಏಕೆಂದರೆ ಜಿಡ್ಡು ಉಳಿದ ಕಡೆ ಬಣ್ಣ ಹಿಡಿಯದೆ ಮಚ್ಚೆಯಾಗುತ್ತದೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಬಿಸಿಯಿರುವಾಗಲೇ ಪುಡಿಮಾಡಿ, ಚಮಚಗಳಿಗೆ ತಾಗದಂತೆ ಅವುಗಳೊಡನೆ ಒಂದೇ ಮುಚ್ಚಳದ ಡಬ್ಬಿಯಲ್ಲಿಟ್ಟರೆ, ಅದರಿಂದ ಹೊಮ್ಮುವ ಗಂಧಕದ ಅನಿಲ ಬೆಳ್ಳಿಯನ್ನು ಮೊದಲು ಹಳದಿಗೆ, ಬಳಿಕ ಕಂದಿಗೆ, ಕೊನೆಗೆ ಕಪ್ಪಿನತ್ತ ತಿರುಗಿಸುತ್ತದೆ. ನಿಧಾನವಾದರೂ ನನ್ನ ಮಟ್ಟಿಗೆ ಇದೇ ಉತ್ತಮ, ಬೇಕಾದ ಹಂತದಲ್ಲಿ ನಿಲ್ಲಿಸಬಹುದು. ಆಭರಣ ಕೆಲಸದವರು ಬಳಸುವ, ಪೊಟ್ಯಾಸಿಯಂ ಮತ್ತು ಗಂಧಕದ ಸಂಯುಕ್ತಗಳ ಮಿಶ್ರಣವಾದ ‘ಲಿವರ್ ಆಫ್ ಸಲ್ಫರ್’ ಬೇಗ ಕೆಲಸ ಮಾಡುತ್ತದೆ. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೀರ ತೆಳುವಾಗಿ ಕರಗಿಸಿ, ಸಣ್ಣ ಕುಂಚದಿಂದ ಕೆತ್ತನೆಗಷ್ಟೇ ಹಚ್ಚಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆಯಬೇಕು. ಕೈಗವಸು ಧರಿಸಿ, ಗಾಳಿಯಾಡುವ ಕಡೆ ಕುಳಿತೇ ಇದನ್ನು ಮಾಡಬೇಕು. ಈ ದ್ರಾವಣಕ್ಕೆ ಹುಣಸೆ, ನಿಂಬೆ ಮುಂತಾದ ಯಾವ ಹುಳಿಯೂ ಬೆರೆಯಕೂಡದು. ಬೆರೆತರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೊರಬರುತ್ತದೆ.

ನಂತರದ ಕೆಲಸವೇ ಮುಖ್ಯವಾದುದು. ಮೃದುವಾದ ಹತ್ತಿ ಬಟ್ಟೆಯನ್ನು ಚಪ್ಪಟೆ ಮರದ ತುಂಡಿಗೆ ಬಿಗಿಯಾಗಿ ಸುತ್ತಿ, ಉಬ್ಬಿದ ಭಾಗಗಳನ್ನಷ್ಟೇ ಹಗುರವಾಗಿ ಒರೆಸಿದರೆ ಬಟ್ಟೆ ತಗ್ಗಿಗೆ ಇಳಿಯುವುದಿಲ್ಲ. ಎಸಳಿನ ಮೈ ಬೆಳಗಿ, ಅಂಚು ಕಪ್ಪಾಗಿ ಉಳಿಯುತ್ತದೆ. ಆಹಾರ ತಾಗುವ ಚಮಚದ ಕುಳಿಯನ್ನೂ ಫೋರ್ಕಿನ ಹಲ್ಲುಗಳನ್ನೂ ಪೂರ್ತಿ ಸ್ವಚ್ಛಗೊಳಿಸಬೇಕು. ಲೇಪ ಸವೆದು ಒಳಲೋಹ ಕಾಣುತ್ತಿರುವ ಚಮಚಗಳಲ್ಲಿ ಬಣ್ಣ ಸಮನಾಗಿ ಕೂರುವುದಿಲ್ಲವಾದ್ದರಿಂದ ಅವನ್ನು ಹಾಗೆಯೇ ಬಿಡುವುದು ಒಳಿತು. ಟೊಳ್ಳು ಹಿಡಿಯ ಚಾಕುಗಳನ್ನಂತೂ ಬಿಸಿನೀರಿನಲ್ಲಿ ನೆನೆಹಾಕಲೇಬಾರದು, ಅಲಗನ್ನು ಹಿಡಿದಿಟ್ಟಿರುವ ಅಂಟು ಸಡಿಲಗೊಳ್ಳುತ್ತದೆ.

ಆದುದರಿಂದ, ಬೆಳ್ಳಿ ಶುಚಿಗೊಳಿಸುವ ಸಲಹೆಗಳನ್ನು ಮುಂದೆ ಪ್ರಕಟಿಸುವಾಗ, ಕೆತ್ತನೆಯುಳ್ಳ ಲೇಪದ ವಸ್ತುಗಳಿಗೆ ಅವು ಅನ್ವಯಿಸುವುದಿಲ್ಲವೆಂಬ ಎಚ್ಚರಿಕೆಯನ್ನೂ ಜೊತೆಗೆ ಸೇರಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಮಡಿಕೇರಿ