ಬಾಲಿಯ ಹಳ್ಳಿಯಲ್ಲಿ ಜಮೀನು ಕೊಳ್ಳುವ ಮುನ್ನ

ಮಾನ್ಯರೇ,

ಅಡಿಕೆ ಮಾರಿದ ಹಣವನ್ನು ಇಂಡೊನೇಷ್ಯಾದ ಹಳ್ಳಿಗಳಲ್ಲಿ ತೊಡಗಿಸಿ ಎಂದು ಸಾಗರದ ನಮ್ಮ ಕಡೆಗೂ ಮಧ್ಯವರ್ತಿಗಳು ಬರುತ್ತಿದ್ದಾರೆ. ಅವರಲ್ಲೊಬ್ಬರು ನನಗೆ ತೋರಿಸಿದ್ದು ಬಾಲಿಯ ತಬನಾನ್ ಜಿಲ್ಲೆಯ ಜತಿಲುವಿಹ್ ಎಂಬ ಹಳ್ಳಿಯ ಚಿತ್ರಗಳನ್ನು. ಬತುಕಾರು ಪರ್ವತದ ಇಳಿಜಾರಿನ ಆ ಮೆಟ್ಟಿಲು ಗದ್ದೆಗಳು ನಮ್ಮ ಮಲೆನಾಡಿನ ಮಕ್ಕಿಗದ್ದೆಗಳನ್ನೇ ನೆನಪಿಸುತ್ತವೆ ಎಂಬುದು ನಿಜ. ಆದರೆ ಅಲ್ಲಿ ನೀರು ಹಂಚುವುದು ಸುಬಕ್ ಎಂಬ ರೈತರ ಸಹಕಾರಿ ಪದ್ಧತಿ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಭೂದೃಶ್ಯದಲ್ಲಿ ಮನಬಂದಂತೆ ವಿಲ್ಲಾ ಕಟ್ಟಬಹುದೆಂದು ನಂಬುವುದು ಭ್ರಮೆ.

ಅದಕ್ಕಿಂತ ಮುಖ್ಯವಾದುದನ್ನು ಮಧ್ಯವರ್ತಿ ಹೇಳಲೇ ಇಲ್ಲ. ಇಂಡೊನೇಷ್ಯಾದ 1960ರ ಮೂಲ ಭೂ ಕಾಯ್ದೆಯ ಪ್ರಕಾರ 'ಹಕ್ ಮಿಲಿಕ್', ಅಂದರೆ ಪೂರ್ಣ ಒಡೆತನ, ವಿದೇಶಿ ಪ್ರಜೆಗೆ ದಕ್ಕುವುದಿಲ್ಲ. ಅಲ್ಲಿ ನೆಲೆಸಲು ಪರವಾನಗಿ ಉಳ್ಳವರಿಗೆ ಸಿಗುವುದು ಅವಧಿಗೆ ಒಳಪಟ್ಟ ಬಳಕೆಯ ಹಕ್ಕು ಅಥವಾ ಗುತ್ತಿಗೆ ಮಾತ್ರ. ಸ್ಥಳೀಯರೊಬ್ಬರ ಹೆಸರಿನಲ್ಲಿ ಬೇನಾಮಿಯಾಗಿ ಕೊಂಡರೆ ಆ ವ್ಯವಹಾರವೇ ಅಸಿಂಧುವಾಗಿ, ಜಮೀನು ಸರ್ಕಾರದ ಪಾಲಾಗುತ್ತದೆ, ಕೊಟ್ಟ ಹಣವೂ ಹಿಂದಿರುಗುವುದಿಲ್ಲ. ಉಳುವವನ ಹಕ್ಕಿಗಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ನೆಲದವರಿಗೆ ಪಹಣಿಯಲ್ಲಿ ಯಾರ ಹೆಸರಿದೆ ಎಂಬ ಪ್ರಶ್ನೆಯ ತೂಕವನ್ನು ವಿವರಿಸಬೇಕಾಗಿಲ್ಲ. ಇಂಥ ಜಾಹೀರಾತುಗಳಲ್ಲಿ ಹಕ್ಕಿನ ಸ್ವರೂಪವನ್ನೂ ಅವಧಿಯನ್ನೂ ಕನ್ನಡದಲ್ಲೇ ಸ್ಪಷ್ಟವಾಗಿ ನಮೂದಿಸುವಂತೆ ಜಿಲ್ಲಾಡಳಿತ ಸೂಚಿಸಬೇಕು.

– ಅಡಿಕೆ ಬೆಳೆಗಾರ, ಸಾಗರ