ಕೊನೆಯವರೆಗೂ ನೋಡಿ

ಮಾನ್ಯ ಸಂಪಾದಕರೇ,

2024ರ ಜನವರಿಯಲ್ಲಿ ಬಂದ ಶ್ರೀರಾಮ್ ರಾಘವನ್ ಅವರ ‘ಮೇರಿ ಕ್ರಿಸ್‌ಮಸ್’ ಎಂಬ ಥ್ರಿಲ್ಲರ್ ಸಿನಿಮಾ ಬಗ್ಗೆ ನಮ್ಮ ದಾವಣಗೆರೆಯ ಗೆಳೆಯರಲ್ಲಿ ಇವತ್ತಿಗೂ ಒಂದೇ ಮಾತು: ಪ್ರಚಾರ ಜಾಸ್ತಿ, ಸಿನಿಮಾ ಬೋರು. ನಾನು ಒಪ್ಪುವುದಿಲ್ಲ. ಕತ್ರಿನಾ ಕೈಫ್, ವಿಜಯ್ ಸೇತುಪತಿ ಹಳೆಯ ಬಾಂಬೆಯಲ್ಲಿ ಒಂದು ರಾತ್ರಿ ಸುತ್ತುತ್ತಾ ಮಾತಾಡುತ್ತಾರೆ. ಮೊದಲರ್ಧ ನಿಧಾನ, ನಿಜ. ಸ್ವಲ್ಪ ಕತ್ತರಿ ಹಾಕಬಹುದಿತ್ತು. ಆದರೆ ಸುಳಿವುಗಳೆಲ್ಲ ಆ ಮಾತಿನಲ್ಲೇ ಇವೆ ಅಲ್ವಾ?

ಕೊನೆಯ ಪೊಲೀಸ್ ಠಾಣೆಯ ದೃಶ್ಯವಂತೂ ಅದ್ಭುತ. ಹೆಚ್ಚು ಮಾತಿಲ್ಲ. ಇಟಲಿಯ ಹಳೆಯ ಸಂಗೀತಗಾರ ವಿವಾಲ್ಡಿಯ ಸಂಗೀತ, ಒಂದು ಉಂಗುರ, ಇಬ್ಬರ ಕಣ್ಣು. ಪ್ರೀತಿ, ಭಯ ಎರಡೂ ಒಟ್ಟಿಗೇ ಎದೆಗೆ ತಾಗುತ್ತವೆ. ಚೇಸಿಂಗ್, ಫೈಟು ಇಲ್ಲ ಅಂತ ಇಂಥ ಸಿನಿಮಾವನ್ನು ಸುಮ್ನೆ ತಳ್ಳಿಹಾಕುವುದು ಅನ್ಯಾಯ. ಅರ್ಧಕ್ಕೇ ನಿಲ್ಲಿಸಿದವರು ದಯವಿಟ್ಟು ಇನ್ನೊಮ್ಮೆ ಪೂರ್ತಿ ನೋಡಲಿ.

– ಒಬ್ಬ ಸಿನಿಮಾ ಪ್ರೇಮಿ, ವಿದ್ಯಾನಗರ, ದಾವಣಗೆರೆ