ಕಾಲೇಜು ಅಭಿವೃದ್ಧಿ ಸಮಿತಿಯ ಅಧ್ಯಕ್ಷರೂ ಆಗಿರುವ ನಮ್ಮ ಶಾಸಕರಿಗೆ

ಮಾನ್ಯರೇ,

ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದೇನೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿಯನ್ನು ವಿದ್ಯಾರ್ಥಿಗಳೇ ಚುನಾವಣೆಯಲ್ಲಿ ಆರಿಸುವಂತಾಗಲಿ ಎಂದು ಕೇಳಲು, ಸಮಿತಿಯ ಸಭೆ ನಡೆಸುವವರು ನೀವೇ ಆದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಸಂಜೆಯ ಬಸ್ಸಿನ ಹೊತ್ತು ಬದಲಾಯಿತು. ಹಳ್ಳಿಗಳಿಂದ ಬರುವ ಹುಡುಗಿಯರು ಕೊನೆಯ ಪೀರಿಯಡ್ ಬಿಟ್ಟು ಓಡಬೇಕಾಯಿತು, ಹಾಜರಾತಿ ಕುಸಿಯಿತು. ಮನವಿ ಬರೆದು ಸಹಿ ಹಾಕಿಸಿ ಡಿಪೋಗೆ ಹೋದೆವು. ‘ಪ್ರಿನ್ಸಿಪಾಲರಿಂದ ಪತ್ರ ತನ್ನಿ’ ಅಂದರು. ಪ್ರಿನ್ಸಿಪಾಲರು ‘ಸಮಿತಿಯ ಮುಂದೆ ಇಡೋಣ’ ಅಂದರು. ಆ ಸಭೆಯಲ್ಲಿ ಆ ಬಸ್ಸು ಹತ್ತುವವರು ಒಬ್ಬರೂ ಇರಲಿಲ್ಲ. ಬಸ್ಸಿನ ಹೊತ್ತು ಇಂದಿಗೂ ಹಾಗೇ ಇದೆ.

ಪ್ರತಿ ಜನವರಿ 25ಕ್ಕೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಮತದಾರರ ಪ್ರತಿಜ್ಞೆ ಹೇಳಿಸುತ್ತಾರೆ. ನಾವು ಮನಸಾರೆ ಹೇಳುತ್ತೇವೆ. ಸಂಸದರನ್ನು ಆರಿಸಲು ಮತ ಹಾಕಿದ ನಮಗೆ ತರಗತಿಯ ಪ್ರತಿನಿಧಿಯನ್ನು ಆರಿಸುವ ಅವಕಾಶವಿಲ್ಲ. ಅಂಕಪಟ್ಟಿ ನೋಡಿ ಮೇಷ್ಟ್ರೇ ಹೆಸರು ಹೇಳುತ್ತಾರೆ. 1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋಯಿತು.

ಗಲಾಟೆ, ಹೊಡೆದಾಟ, ಪಕ್ಷಗಳ ದುಡ್ಡು: ಈ ಭಯ ಸುಳ್ಳಲ್ಲ. ನಮ್ಮಮ್ಮನಿಗೂ ಇದೇ ಭಯ. ಆದರೆ ಇದಕ್ಕೆಂದೇ ಅಲ್ಲವೇ ಮಾಜಿ ಮುಖ್ಯ ಚುನಾವಣಾ ಆಯುಕ್ತ ಲಿಂಗ್ಡೋ ಅವರ ಸಮಿತಿ ಕೂತದ್ದು? 2006ರಲ್ಲಿ ಅದರ ಶಿಫಾರಸುಗಳನ್ನು ಜಾರಿಗೆ ತರಲು ಸುಪ್ರೀಂ ಕೋರ್ಟ್ ಆದೇಶಿಸಿತು. ಅಭ್ಯರ್ಥಿಗೆ ಶೇ 75 ಹಾಜರಾತಿ ಇರಬೇಕು, ಖರ್ಚು 5,000 ರೂಪಾಯಿ ದಾಟಬಾರದು, ಅಚ್ಚು ಹಾಕಿಸಿದ ಪೋಸ್ಟರ್ ಕೂಡದು, ಕೈಯಲ್ಲಿ ಬರೆದದ್ದೇ ಆಗಬೇಕು, ರಾಜಕೀಯ ಪಕ್ಷದ ಹಣ ಮುಟ್ಟಬಾರದು. ಇಷ್ಟು ಬಿಗಿಯಾದ ನಿಯಮಗಳು ಕೈಯಲ್ಲಿದ್ದೂ ಚುನಾವಣೆಯೇ ಬೇಡ ಎನ್ನುವುದು ನ್ಯಾಯವಲ್ಲ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ವಿದ್ಯಾರ್ಥಿಗಳಿಗೂ ಕೊಟ್ಟಿದೆ.

ರಾಜ್ಯದ ಮಟ್ಟದ ತೀರ್ಮಾನಕ್ಕೆ ಸಮಯ ಹಿಡಿಯಬಹುದು. ಬರುವ ಅಧಿವೇಶನದಲ್ಲಿ ಉನ್ನತ ಶಿಕ್ಷಣ ಸಚಿವರನ್ನು ದಯವಿಟ್ಟು ಈ ಬಗ್ಗೆ ಕೇಳಿ. ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ: ಪ್ರತಿ ತರಗತಿಯಲ್ಲೂ ಗುಪ್ತ ಮತದಾನ ನಡೆಯಲಿ, ಹಾಗೆ ಗೆದ್ದವರಲ್ಲಿ ಒಬ್ಬ ಹುಡುಗಿ, ಒಬ್ಬ ಹುಡುಗನನ್ನು ಸಮಿತಿಯ ಮುಂದಿನ ಸಭೆಗೆ ಕರೆಯಿರಿ. ಅವರ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ನಾನು ಆ ಹೊತ್ತಿಗೆ ಕಾಲೇಜು ಮುಗಿಸಿರಬಹುದು. ಪ್ರಥಮ ವರ್ಷದಲ್ಲಿರುವ ನನ್ನ ತಂಗಿಗೆ ಇನ್ನೂ ಆ ಬಸ್ಸೇ ಗತಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು